ನೀರಂಟದ ಮೈ, ಗಾಯ ಮಾಯುವ ಲೇಪ

ಕೆಸುವಿನ ಎಲೆಯ ಮೇಲಿನ ನೀರಿನ ಹನಿಯನ್ನು ಕಾಣದವರು ನಮ್ಮ ನಾಡಿನಲ್ಲಿ ವಿರಳ. ಮಳೆಗಾಲದ ಒಂದು ಬೆಳಗ್ಗೆ ಹಿತ್ತಿಲಿಗೆ ಹೋಗಿ ನೋಡಿದರೆ, ಅಗಲವಾದ ಆ ಹಸುರೆಲೆಗಳ ನಡುವೆ ಪಾದರಸದ ಗುಂಡುಗಳಂತೆ ಹೊಳೆಯುವ ಹನಿಗಳು ಕುಳಿತಿರುತ್ತವೆ. ಎಲೆಯನ್ನು ತುಸು ವಾಲಿಸಿದೊಡನೆಯೇ ಅವು ಉರುಳಿ ಬೀಳುತ್ತವೆ. ಬಿದ್ದ ಮೇಲೆ ಎಲೆಯನ್ನು ಮುಟ್ಟಿದರೆ ಅದು ಒಣಗಿಯೇ ಇರುತ್ತದೆ. ತಾವರೆಯ ಎಲೆಯ ಗುಣವೂ ಇದೇ. ಸಂಸಾರದಲ್ಲಿದ್ದೂ ಅದಕ್ಕೆ ಅಂಟಿಕೊಳ್ಳದವನನ್ನು ತಾವರೆಯೆಲೆಯ ಮೇಲಿನ ನೀರಿಗೆ ಹೋಲಿಸುವುದು ನಮ್ಮ ಹಿರಿಯರ ಮಾತಿನಲ್ಲಿ ಬಹು ಹಳೆಯ ರೂಢಿ. ಈ ಹೋಲಿಕೆಯನ್ನು ಕೊಟ್ಟವರು ಎಲೆಯನ್ನು ಚೆನ್ನಾಗಿ ನೋಡಿದ್ದರೆಂಬುದರಲ್ಲಿ ಸಂದೇಹವಿಲ್ಲ. ಆದರೆ ನೀರು ಏಕೆ ಅಂಟುವುದಿಲ್ಲವೆಂಬ ಪ್ರಶ್ನೆಗೆ ಸಮರ್ಪಕವಾದ ಉತ್ತರ ದೊರೆತದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಂತಹ ಮೈಯನ್ನು ನಾವೇ ತಯಾರಿಸಿ, ಅದು ಬಹುಕಾಲ ಬಾಳುವಂತೆ ಮಾಡುವುದು ಹೇಗೆಂಬ ಪ್ರಶ್ನೆಯಂತೂ ಇಂದಿಗೂ ಪ್ರಯೋಗಶಾಲೆಗಳನ್ನು ಕಾಡುತ್ತಿದೆ. ಆ ಪ್ರಶ್ನೆಯ ಕಥೆಯನ್ನೇ ಇಲ್ಲಿ ಹೇಳಹೊರಟಿದ್ದೇವೆ.

ಮಸಿ ಹಿಡಿದ ಚಮಚ

ಓದುಗರು ಮೊದಲು ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡುವುದೊಳ್ಳೆಯದು. ಹಳೆಯ ಉಕ್ಕಿನ ಚಮಚವೊಂದರ ಹಿಡಿಯನ್ನು ದಪ್ಪ ಬಟ್ಟೆಯಿಂದ ಹಿಡಿದು, ಅದರ ಬೆನ್ನನ್ನು ಉರಿಯುವ ಮೇಣದಬತ್ತಿಯ ಜ್ವಾಲೆಯೊಳಗೆ ಅತ್ತಿತ್ತ ಆಡಿಸಬೇಕು. ಸ್ವಲ್ಪ ಹೊತ್ತಿನಲ್ಲಿ ಅದರ ಮೇಲೆ ಮಸಿಯ ದಪ್ಪನಾದ ಪದರ ಕೂಡುವುದು. ಚಮಚ ಪೂರ್ಣವಾಗಿ ಆರಿದ ಮೇಲೆ ಮಸಿಯ ಮೇಲೆ ಮೆಲ್ಲನೆ ಒಂದು ಹನಿ ನೀರನ್ನು ಬಿಟ್ಟರೆ, ಹನಿಯು ಹರಡದೆ, ಕೆಸುವಿನ ಎಲೆಯ ಮೇಲಿನಂತೆಯೇ ಗುಂಡಾಗಿ ಉರುಳಿಹೋಗುವುದು. ಈಗ ಮಸಿಯ ಮೇಲೆ ಉಗುರಿನಿಂದ ಒಂದು ಗೆರೆಯನ್ನೆಳೆದು ಮತ್ತೊಂದು ಹನಿಯನ್ನು ಬಿಡಿ. ಉರುಳುತ್ತ ಬಂದ ಹನಿಯು ಆ ಗೆರೆಯ ಬಳಿ ಥಟ್ಟನೆ ನಿಂತು ಅಲ್ಲಿಯೇ ಅಂಟಿಕೊಳ್ಳುತ್ತದೆ.

ಪದವಿ ತರಗತಿಯ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ನಾವು ಈ ಪ್ರಯೋಗವನ್ನು ತೋರಿಸುವುದುಂಟು. ಒಮ್ಮೆ ವಿದ್ಯಾರ್ಥಿಯೊಬ್ಬನು, "ಸಾರ್, ಇಂಥದ್ದನ್ನು ಬಸ್ಸಿನ ಮುಂದಿನ ಗಾಜಿಗೆ ಬಳಿದುಬಿಟ್ಟರೆ ಮಳೆಯಲ್ಲಿ ವೈಪರೇ ಬೇಕಾಗುವುದಿಲ್ಲವಲ್ಲ?" ಎಂದು ಕೇಳಿದನು. ಮಸಿ ಬಳಿದ ಗಾಜಿನಿಂದ ಚಾಲಕನಿಗೆ ದಾರಿ ಕಾಣುವುದು ಹೇಗೆಂದು ತರಗತಿಯೆಲ್ಲ ನಕ್ಕಿತು. ಆಗ ಮುಂದಿನ ಸಾಲಿನಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು ಬಂದು, ಚಮಚದ ಮೇಲೆ ಬೆರಳನ್ನಾಡಿಸಿ, ಕಪ್ಪಾದ ಬೆರಳನ್ನು ಎಲ್ಲರಿಗೂ ತೋರಿಸುತ್ತ, "ಪಾರದರ್ಶಕವಾದ ಮಸಿಯೇ ಸಿಕ್ಕಿದರೂ ಮರುದಿನ ಅದರ ಗತಿ ಇಷ್ಟೇ ಅಲ್ಲವೆ, ಸಾರ್?" ಎಂದಳು. ಅವಳು ಆಡಿದ ಮಾತು ಸಣ್ಣದಾದರೂ ಈ ಶಾಸ್ತ್ರದ ಮರ್ಮವನ್ನೇ ಮುಟ್ಟಿತ್ತು. ನೀರನ್ನು ದೂರವಿಡುವ ಮೈಯನ್ನು ಮಾಡುವುದು ಈಗ ಕಷ್ಟವಲ್ಲ; ಅದನ್ನು ಉಳಿಸಿಕೊಳ್ಳುವುದೇ ಕಷ್ಟ.

ಹನಿಯ ಅಂಚಿನ ಜಗ್ಗಾಟ

ನೀರಿನ ಹನಿಯು ದುಂಡಗಾಗಲು ಕಾರಣವೇನು? ದ್ರವದ ಒಳಗಿರುವ ಅಣುವನ್ನು ಸುತ್ತಲಿನ ಅಣುಗಳು ಎಲ್ಲ ದಿಕ್ಕಿನಿಂದಲೂ ಸಮನಾಗಿ ಸೆಳೆಯುತ್ತವೆ. ಮೇಲ್ಮೈಯಲ್ಲಿರುವ ಅಣುವಿಗಾದರೋ ಹೊರಗಡೆ ನೆರೆಯವರಿಲ್ಲ. ಆದ್ದರಿಂದ ಅದು ಒಳಕ್ಕೆ ಸೆಳೆಯಲ್ಪಡುವುದು. ಇದರ ಫಲವಾಗಿ ದ್ರವದ ಮೇಲ್ಮೈಯು ಬಿಗಿದ ಪೊರೆಯಂತೆ ವರ್ತಿಸಿ, ಸಾಧ್ಯವಾದಷ್ಟು ಕುಗ್ಗಲು ಯತ್ನಿಸುತ್ತದೆ. ಇದನ್ನೇ ಮೇಲ್ಮೈ ಎಳೆತವೆನ್ನುವರು. ೨೫ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನೀರಿನ ಮೇಲ್ಮೈ ಎಳೆತವು ಪ್ರತಿ ಮೀಟರಿಗೆ ಸುಮಾರು ೦.೦೭೨ ನ್ಯೂಟನ್. ಅಡಿಗೆಯ ಎಣ್ಣೆಗಳದು ಇದರ ಅರ್ಧಕ್ಕಿಂತಲೂ ಕಡಿಮೆ. ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಕೆಲಸವಿದೆ.

ಹನಿಯು ಘನವಸ್ತುವೊಂದರ ಮೇಲೆ ಕುಳಿತಾಗ ಅದರ ಅಂಚಿನಲ್ಲಿ ಮೂರು ಎಳೆತಗಳ ಜಗ್ಗಾಟ ನಡೆಯುತ್ತದೆ. ದ್ರವ ಮತ್ತು ಗಾಳಿಯ ನಡುವಣದೊಂದು, ಘನ ಮತ್ತು ಗಾಳಿಯ ನಡುವಣದೊಂದು, ಘನ ಮತ್ತು ದ್ರವದ ನಡುವಣದೊಂದು. ಈ ಮೂರೂ ಸಮತೋಲಕ್ಕೆ ಬಂದಾಗ ಹನಿಯ ಅಂಚು ಘನದ ಮೈಯೊಡನೆ ಒಂದು ನಿಶ್ಚಿತ ಕೋನವನ್ನು ಮಾಡುವುದೆಂದು ೧೮೦೫ರಲ್ಲಿ ತೋರಿಸಿಕೊಟ್ಟವನು ಇಂಗ್ಲೆಂಡಿನ ಥಾಮಸ್ ಯಂಗ್. ದ್ರವದ ಒಳಗಿನಿಂದ ಅಳೆದ ಈ ಕೋನಕ್ಕೆ ಸ್ಪರ್ಶಕೋನವೆಂದು ಹೆಸರು. ಶುಭ್ರವಾದ ಗಾಜಿನ ಮೇಲೆ ನೀರಿನ ಸ್ಪರ್ಶಕೋನವು ಹೆಚ್ಚುಕಡಿಮೆ ಸೊನ್ನೆ. ಅಂದರೆ ನೀರು ಅಲ್ಲಿ ಚೆನ್ನಾಗಿ ಹರಡುತ್ತದೆ. ಕೋನವು ೯೦ ಡಿಗ್ರಿಗಿಂತ ಹೆಚ್ಚಾದರೆ ಮೈಯು ನೀರನ್ನು ಒಲ್ಲದೆಂದು ಹೇಳುತ್ತೇವೆ. ಕೋನವು ೧೫೦ ಡಿಗ್ರಿಯನ್ನು ಮೀರಿ, ಹನಿಯು ಅಲ್ಪ ವಾಲಿಕೆಗೇ ಉರುಳುವಂತಿದ್ದರೆ ಅದನ್ನು ಅತಿಜಲದ್ವೇಷಿಯೆಂದು ಕರೆಯಬಹುದು.

ಸಿಲಿಂಡರಿನೊಳಗೆ ಸಿಕ್ಕ ಪುಡಿ

ಹಾಗಾದರೆ ನೀರನ್ನು ಅತ್ಯಂತ ಕಡಿಮೆ ಸೆಳೆಯುವ ವಸ್ತು ಯಾವುದು? ಇದಕ್ಕೆ ಉತ್ತರವು ಆಕಸ್ಮಿಕವಾಗಿ ದೊರೆಯಿತು. ೧೯೩೮ರ ಏಪ್ರಿಲ್ ೬ರಂದು ಅಮೆರಿಕದ ಡ್ಯುಪಾಂಟ್ ಕಂಪನಿಯ ಪ್ರಯೋಗಶಾಲೆಯಲ್ಲಿ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞನು ಟೆಟ್ರಾಫ್ಲೋರೊಎಥಿಲೀನ್ ಅನಿಲವನ್ನು ತುಂಬಿದ್ದ ಸಿಲಿಂಡರೊಂದನ್ನು ತೆರೆದಾಗ ಅದರಿಂದ ಅನಿಲ ಬರಲಿಲ್ಲ. ಸಿಲಿಂಡರಿನ ತೂಕವಾದರೋ ಕಡಿಮೆಯಾಗಿರಲಿಲ್ಲ. ಬೇರೆಯವರಾಗಿದ್ದರೆ ಅದನ್ನು ಬದಿಗೆಸೆದು ಮತ್ತೊಂದನ್ನು ತೆಗೆದುಕೊಳ್ಳುತ್ತಿದ್ದರೇನೋ. ಪ್ಲಂಕೆಟ್ಟನು ಅದನ್ನು ಕೊಯ್ಸಿ ನೋಡಿದನು. ಒಳಗೆ ಮೇಣದಂತೆ ಜಾರುವ ಬಿಳಿಯ ಪುಡಿಯಿತ್ತು. ಅನಿಲದ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಉದ್ದನೆಯ ಸರಪಣಿಗಳಾಗಿದ್ದುವು. ಇಂತಹ ಸರಪಣಿಯ ಅಣುಗಳಿಗೆ ಪಾಲಿಮರ್ ಎಂದು ಹೆಸರು. ಪ್ಲಂಕೆಟ್ಟನಿಗೆ ಸಿಕ್ಕಿದ ಪಾಲಿಮರ್ ಮುಂದೆ ಟೆಫ್ಲಾನ್ ಎಂಬ ಹೆಸರಿನಿಂದ ಅಡಿಗೆಮನೆಗಳನ್ನು ಪ್ರವೇಶಿಸಿತು.

ಟೆಫ್ಲಾನಿನಲ್ಲಿ ಇಂಗಾಲದ ಸರಪಣಿಯನ್ನು ಫ್ಲೋರಿನ್ ಪರಮಾಣುಗಳು ಕವಚದಂತೆ ಸುತ್ತುವರಿದಿರುತ್ತವೆ. ಅವು ತಮ್ಮ ಎಲೆಕ್ಟ್ರಾನುಗಳನ್ನು ಬಹು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಹೊರಗಿನ ಅಣುಗಳೊಡನೆ ಅವುಗಳ ಆಕರ್ಷಣೆ ಅತ್ಯಲ್ಪ. ನುಣುಪಾದ ಟೆಫ್ಲಾನಿನ ಮೇಲೆ ನೀರಿನ ಸ್ಪರ್ಶಕೋನವು ಸುಮಾರು ೧೧೦ ಡಿಗ್ರಿ. ಆದರೆ ಇಲ್ಲೊಂದು ಗಡಿಯಿದೆ. ಯಾವ ರಸಾಯನವನ್ನೇ ಬಳಸಿದರೂ, ಮೈಯು ಸಮತಟ್ಟಾಗಿರುವತನಕ ಈ ಕೋನವನ್ನು ಸುಮಾರು ೧೨೦ ಡಿಗ್ರಿಯ ಆಚೆಗೆ ಒಯ್ಯಲಾಗದು. ತಾವರೆಯ ಎಲೆಯಲ್ಲಿಯಾದರೋ ಅದು ೧೬೦ ಡಿಗ್ರಿಯಷ್ಟು. ತಾವರೆಯ ಎಲೆಯಲ್ಲಿ ಫ್ಲೋರಿನ್ ಲೇಶವೂ ಇಲ್ಲ. ಅಲ್ಲಿರುವುದು ಬರಿಯ ಮೇಣ. ಹಾಗಿದ್ದರೂ ಎಲೆಯು ಟೆಫ್ಲಾನನ್ನು ಸೋಲಿಸುವುದು ಹೇಗೆ?

ಗಾಳಿಯ ಹಾಸಿಗೆ

ಈ ಒಗಟನ್ನು ಬಿಡಿಸುವ ಮೊದಲ ಹೆಜ್ಜೆಯನ್ನು ೧೯೩೬ರಲ್ಲಿ ವೆನ್ಜೆಲ್ ಎಂಬ ವಿಜ್ಞಾನಿ ಇಟ್ಟನು. ಮೈಯು ಒರಟಾದಷ್ಟೂ ನೀರಿಗೂ ಅದಕ್ಕೂ ನಡುವಣ ನಿಜವಾದ ಸಂಪರ್ಕದ ವಿಸ್ತೀರ್ಣ ಹೆಚ್ಚುವುದು; ಆದ್ದರಿಂದ ನೀರನ್ನು ಒಲ್ಲದ ಮೈಯು ಒರಟಾದಾಗ ಇನ್ನಷ್ಟು ಒಲ್ಲದಾಗುವುದು ಎಂದು ಅವನು ತೋರಿಸಿದನು. ಬಳಿಕ ೧೯೪೪ರಲ್ಲಿ ಇಂಗ್ಲೆಂಡಿನಲ್ಲಿ ಉಣ್ಣೆಯ ಕೈಗಾರಿಕೆಗಾಗಿ ಸಂಶೋಧನೆ ನಡೆಸುತ್ತಿದ್ದ ಕ್ಯಾಸಿ ಮತ್ತು ಬ್ಯಾಕ್ಸ್‌ಟರ್ ಎಂಬಿಬ್ಬರು ಮತ್ತೊಂದು ಮುಖ್ಯ ಸಂಗತಿಯನ್ನು ಹೇಳಿದರು. ಮೈಯಲ್ಲಿ ಸಾಕಷ್ಟು ಸಂದುಗಳಿದ್ದರೆ ನೀರು ಆ ಸಂದುಗಳೊಳಗೆ ಇಳಿಯುವುದೇ ಇಲ್ಲ. ತುದಿಗಳ ಮೇಲಷ್ಟೇ ತಂಗಿ, ಉಳಿದೆಡೆಯಲ್ಲಿ ಸಂದಿನಲ್ಲಿ ಸಿಕ್ಕಿದ ಗಾಳಿಯ ಮೇಲೆ ಮಲಗಿರುತ್ತದೆ. ಬಾತುಕೋಳಿಯ ಪುಕ್ಕ ನೆನೆಯದಿರುವುದು ಈ ಕಾರಣದಿಂದಲೇ. ನಮ್ಮ ರೈತರು ಕಂಬಳಿಯ ಕೊಪ್ಪೆ ಹಾಕಿಕೊಂಡು ಸುರಿಯುವ ಮಳೆಯಲ್ಲಿ ಗದ್ದೆಯ ಕೆಲಸ ಮಾಡುವುದನ್ನು ನೋಡಿದವರಿಗೆ ಇದರ ಪ್ರತ್ಯಕ್ಷ ಪರಿಚಯವಿದ್ದೇ ಇದೆ. ಉಣ್ಣೆಯ ಎಳೆಗಳ ಮೇಲಿನ ಜಿಡ್ಡು ಹಾಗೂ ಎಳೆಗಳ ನಡುವಣ ಗಾಳಿ ಎರಡೂ ಸೇರಿ ಮಳೆಯನ್ನು ಬಹಳ ಹೊತ್ತು ತಡೆಯುತ್ತವೆ.

ಕಾಲೇಜು ವಿದ್ಯಾರ್ಥಿಗಳು ಇದನ್ನು ಲೆಕ್ಕಮಾಡಿಯೂ ನೋಡಬಹುದು. ನುಣುಪಾದ ಮೈಯ ಸ್ಪರ್ಶಕೋನದ ಕೊಸೈನಿಗೆ ಒಂದನ್ನು ಕೂಡಿಸಿ, ಹನಿಯು ಘನವನ್ನು ಮುಟ್ಟುತ್ತಿರುವ ವಿಸ್ತೀರ್ಣದ ಭಾಗದಿಂದ ಅದನ್ನು ಗುಣಿಸಿ, ಬಂದುದರಿಂದ ಒಂದನ್ನು ಕಳೆದರೆ ಹೊಸ ಕೋನದ ಕೊಸೈನ್ ಸಿಗುವುದು. ನುಣುಪು ಮೈಯ ಕೋನ ೧೧೦ ಡಿಗ್ರಿಯೆಂದೂ, ಹನಿಯು ಹತ್ತರಲ್ಲೊಂದು ಭಾಗದಲ್ಲಿ ಮಾತ್ರ ಘನವನ್ನು ಮುಟ್ಟಿದೆಯೆಂದೂ ಇಟ್ಟುಕೊಂಡರೆ, ಹೊಸ ಕೋನವು ಸುಮಾರು ೧೫೯ ಡಿಗ್ರಿ ಆಗುತ್ತದೆ. ತಾವರೆಯೆಲೆಯ ಕೋನವೂ ಇದರ ಹತ್ತಿರದ್ದೇ ಎಂಬುದನ್ನು ಗಮನಿಸಬೇಕು.

ಜರ್ಮನಿಯ ಬಾನ್ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರಜ್ಞರಾದ ವಿಲ್‌ಹೆಲ್ಮ್ ಬಾರ್ಟ್‌ಲೋಟ್ ಮತ್ತು ಕ್ರಿಸ್ಟೋಫ್ ನೈನ್‌ಹ್ಯೂಸ್ ಎಂಬವರು ೧೯೯೭ರಲ್ಲಿ ಪ್ರಕಟಿಸಿದ ಲೇಖನದಿಂದ ತಾವರೆಯೆಲೆಯ ಗುಟ್ಟು ಲೋಕಕ್ಕೆಲ್ಲ ತಿಳಿಯಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎಲೆಯ ಮೇಲೆಲ್ಲ ಸಾಲುಸಾಲಾಗಿ ಸಣ್ಣ ಗುಬುಟುಗಳೂ, ಪ್ರತಿಯೊಂದು ಗುಬುಟಿನ ಮೇಲೆ ಅದಕ್ಕಿಂತ ನೂರು ಪಾಲು ಸಣ್ಣದಾದ ಮೇಣದ ನಳಿಗೆಗಳೂ ಕಾಣುತ್ತವೆ. ಉರುಳುವ ಹನಿಯು ಎಲೆಯ ಮೇಲಿನ ಧೂಳನ್ನೂ ಹೊತ್ತುಕೊಂಡು ಹೋಗುವುದು. ಕೆಸರಿನಲ್ಲಿ ಹುಟ್ಟಿದ ತಾವರೆಯು ಶುಭ್ರವಾಗಿರುವ ಬಗೆ ಇದು. ನಮ್ಮ ಚಮಚದ ಮಸಿಯೂ ಅಷ್ಟೇ: ಅದು ಇಂಗಾಲದ ಅತಿ ಸಣ್ಣ ಕಣಗಳು ಸಡಿಲವಾಗಿ ಪೇರಿಸಿಕೊಂಡ, ಗಾಳಿ ತುಂಬಿದ ಒಂದು ಗೂಡು.

ಬದುಕಿರುವ ಎಲೆ, ಜೀವವಿಲ್ಲದ ಲೇಪ

ಮೇಲಿನ ವಿಷಯ ತಿಳಿದದ್ದೇ ತಡ, ಎಲೆಯನ್ನು ಅನುಕರಿಸುವ ಲೇಪಗಳು ನೂರಾರು ಬಗೆಯಲ್ಲಿ ತಯಾರಾದುವು. ಆದರೆ ಎಲ್ಲಕ್ಕೂ ಒಂದೇ ಶಾಪ. ಯಾವ ಸೂಕ್ಷ್ಮವಾದ ತುದಿಗಳು ಗಾಳಿಯನ್ನು ಹಿಡಿದಿಡುತ್ತವೆಯೋ ಅವೇ ತುದಿಗಳು ಉಜ್ಜುವಿಕೆಗೆ ಮೊದಲು ಬಲಿಯಾಗುತ್ತವೆ. ಒಂದೇ ಗೀರು ಸಾಕು. ಅಲ್ಲಿ ನೀರು ನೆಲೆನಿಂತು, ಅಲ್ಲಿಂದ ಕೆಡುಕು ಹಬ್ಬುತ್ತದೆ.

ಎಲೆಗೂ ಗೀರು ಬೀಳುವುದಿಲ್ಲವೆ? ಬೀಳುತ್ತದೆ. ಆದರೆ ಎಲೆಯು ಬದುಕಿದೆ. ಮೇಣವು ಅಳಿಸಿಹೋದರೆ ಒಳಗಿನ ಜೀವಕೋಶಗಳು ಹೊಸ ಮೇಣವನ್ನು ತಯಾರಿಸಿ ಹೊರಪೊರೆಯ ಮೂಲಕ ಮೇಲಕ್ಕೆ ಕಳುಹಿಸುತ್ತವೆ. ಎಲೆಯು ನೀರನ್ನು ದೂರವಿಡುವುದಷ್ಟೇ ಅಲ್ಲ, ದೂರವಿಡುವ ಶಕ್ತಿಯನ್ನು ದಿನದಿನವೂ ದುರಸ್ತಿ ಮಾಡಿಕೊಳ್ಳುತ್ತಲೂ ಇರುತ್ತದೆ. ನಾವು ಎಲೆಯ ರೂಪವನ್ನು ನಕಲು ಮಾಡಿದೆವು. ಅದರ ಆರೈಕೆಯನ್ನು ಮರೆತಿದ್ದೆವು.

ನಮ್ಮ ಅಡಿಗೆಮನೆಯಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವಿದೆ. ಟೆಫ್ಲಾನ್ ಬಳಿದ ಕಾವಲಿಯು ಹೊಸದರಲ್ಲಿ ಬಲು ಸೊಗಸು. ಸೌಟಿನ ಗೀರುಗಳು ಬಿದ್ದಮೇಲೆ ಅದನ್ನು ಸರಿಪಡಿಸುವ ಉಪಾಯವಿಲ್ಲ. ಅಜ್ಜಿಯ ಕಾಲದ ಕಬ್ಬಿಣದ ಕಾವಲಿಯಾದರೋ ವರ್ಷ ಕಳೆದಂತೆ ಪಳಗುತ್ತದೆ. ಕಾದ ಕಬ್ಬಿಣದ ಮೇಲೆ ಸವರಿದ ಎಣ್ಣೆಯ ಅಣುಗಳು ಒಂದಕ್ಕೊಂದು ಕೂಡಿಕೊಂಡು ಗಟ್ಟಿಯಾದ ಪೊರೆಯಾಗುತ್ತವೆ. ಅದೂ ಒಂದು ಪಾಲಿಮರ್ ಲೇಪವೇ! ಗೀರು ಬಿದ್ದರೆ ಮರುದಿನದ ದೋಸೆಗೆ ಮುನ್ನ ಈರುಳ್ಳಿಯ ಹೋಳಿನಿಂದ ಎಣ್ಣೆಯನ್ನು ಸವರಿದಾಗ ಆ ಗಾಯ ತುಸುತುಸುವಾಗಿ ಮಾಯುತ್ತದೆ. ಆದರೆ ಇಲ್ಲಿ ವೈದ್ಯರು ಅಜ್ಜಿಯೇ ಹೊರತು ಕಾವಲಿಯಲ್ಲ. ಯಾರ ಕೈಯೂ ತಗಲದೆ ಲೇಪವು ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳಬೇಕೆಂಬುದು ವಿಜ್ಞಾನಿಗಳ ಹಂಬಲ.

ಈ ದಿಕ್ಕಿನಲ್ಲಿ ೨೦೧೦ರಲ್ಲಿ ಚೀನದ ಜಿಲಿನ್ ವಿಶ್ವವಿದ್ಯಾನಿಲಯದವರು ಎಲೆಯ ಉಪಾಯವನ್ನೇ ಅನುಸರಿಸಿದರು. ರಂಧ್ರಗಳುಳ್ಳ ಒರಟಾದ ಪಾಲಿಮರ್ ಪದರದೊಳಗೆ ನೀರನ್ನು ಒಲ್ಲದ ಫ್ಲೋರಿನ್ ಸಂಯುಕ್ತವನ್ನು ಅವರು ತುಂಬಿಟ್ಟರು. ಮೇಲಿನ ಪದರವು ಕೆಟ್ಟಾಗ ಒಳಗಿನ ಸಂಗ್ರಹವು ಮೆಲ್ಲನೆ ಮೇಲಕ್ಕೆ ಬಂದು ಅದರ ಜಾಗವನ್ನು ತುಂಬಿತು.

ಎಣ್ಣೆಯ ಹನಿಯು ತಂದೊಡ್ಡಿದ ತೊಡಕು ಬೇರೆ. ಕೆಸುವಿನ ಎಲೆಯ ಮೇಲೆ ಒಂದು ತೊಟ್ಟು ಕೊಬ್ಬರಿ ಎಣ್ಣೆಯನ್ನು ಬಿಟ್ಟು ನೋಡಿ. ಅದು ಗುಂಡಾಗಿ ನಿಲ್ಲದೆ ಹರಡಿಕೊಳ್ಳುತ್ತದೆ. ಎಣ್ಣೆಯ ಮೇಲ್ಮೈ ಎಳೆತವು ಅಲ್ಪವೆಂದು ಮೇಲೆ ಹೇಳಿದೆವಷ್ಟೆ. ತನ್ನನ್ನು ತಾನು ಒಟ್ಟುಗೂಡಿಸಿಕೊಳ್ಳುವ ಬಲವಿಲ್ಲದ ದ್ರವವು ಸಂದುಗಳೊಳಗೆ ನುಸುಳಿ ಗಾಳಿಯನ್ನು ಹೊರದೂಡುವುದು. ಇದಕ್ಕೆ ಪರಿಹಾರವನ್ನು ಬೇರೊಂದು ಸಸ್ಯ ಸೂಚಿಸಿತು. ಹೂಜಿಗಿಡವೆಂಬ ಕೀಟಾಹಾರಿ ಸಸ್ಯದ ಒಂದು ಜಾತಿ ನಮ್ಮ ದೇಶದ ಮೇಘಾಲಯದ ಬೆಟ್ಟಗಳಲ್ಲಿಯೂ ಬೆಳೆಯುತ್ತದೆ. ಈ ಗಿಡಗಳ ಹೂಜಿಯ ಅಂಚು ಒದ್ದೆಯಾದಾಗ ಅದರ ಮೇಲೆ ನೀರಿನ ತೆಳುವಾದ ಪೊರೆ ನಿಲ್ಲುತ್ತದೆ. ಅಲ್ಲಿಗೆ ಬಂದ ಇರುವೆಯ ಕಾಲಿನ ಜಿಡ್ಡಿಗೆ ಹಿಡಿತ ಸಿಗದೆ, ಅದು ಜಾರಿ ಒಳಕ್ಕೆ ಬೀಳುತ್ತದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಜೊವಾನಾ ಐಜೆನ್‌ಬರ್ಗ್ ಅವರ ತಂಡದವರು ೨೦೧೧ರಲ್ಲಿ ಇದೇ ತತ್ತ್ವದಿಂದ, ರಂಧ್ರಮಯವಾದ ಘನದೊಳಗೆ ಜಾರುವ ಎಣ್ಣೆಯೊಂದನ್ನು ಹೀರಿಸಿ, ಗಾಳಿಯ ಹಾಸಿಗೆಯ ಬದಲು ದ್ರವದ ಹಾಸಿಗೆಯನ್ನು ರಚಿಸಿದರು. ಅದರ ಮೇಲೆ ನೀರು, ಕಚ್ಚಾ ಎಣ್ಣೆ, ರಕ್ತ ಎಲ್ಲವೂ ಜಾರಿಹೋದುವು. ಗೀರಿದಾಗ ಸುತ್ತಣ ಎಣ್ಣೆಯು ಹರಿದುಬಂದು ಒಂದು ಸೆಕೆಂಡಿನೊಳಗಾಗಿ ಗಾಯವನ್ನು ಮುಚ್ಚಿತು. ಇದರ ಕೊರತೆಯೇನೆಂಬುದನ್ನು ಓದುಗರು ಊಹಿಸಬಲ್ಲರು: ಕಾಲಕ್ರಮದಲ್ಲಿ ಎಣ್ಣೆಯು ಜಾರಿಹೋಗುವ ಹನಿಗಳೊಡನೆ ತಾನೂ ಹೊರಟುಹೋಗುತ್ತದೆ.

ತೆಳುವಿನ ಕಟ್ಟುಪಾಡು

ಗೀರು ಬೀಳುವುದೇ ಚಿಂತೆಯಾದರೆ ಲೇಪವನ್ನು ದಪ್ಪವಾಗಿ ಬಳಿಯಬಾರದೇಕೆ ಎಂದು ಕೆಲವರು ಕೇಳಬಹುದು. ಬಟ್ಟೆಗೋ ಗೋಡೆಗೋ ಆದರೆ ಬಳಿಯಬಹುದು. ಎಲ್ಲೆಡೆಯಲ್ಲಿ ಅದು ನಡೆಯದು. ಉಷ್ಣವಿದ್ಯುತ್ ಸ್ಥಾವರದ ಉದಾಹರಣೆಯನ್ನು ನೋಡೋಣ.

ನಮ್ಮ ರಾಯಚೂರಿನಂತಹ ಸ್ಥಾವರಗಳಲ್ಲಿ ಕಲ್ಲಿದ್ದಲಿನ ಶಾಖದಿಂದ ಉತ್ಪನ್ನವಾದ ಉಗಿಯು ಟರ್ಬೈನನ್ನು ತಿರುಗಿಸಿದ ಮೇಲೆ, ತಣ್ಣೀರು ಹರಿಯುವ ಕೊಳವೆಗಳ ಹೊರಮೈಯನ್ನು ಮುಟ್ಟಿ ಮತ್ತೆ ನೀರಾಗುತ್ತದೆ. ಉಗಿಯು ಎಷ್ಟು ಸುಲಭವಾಗಿ ನೀರಾಗುವುದೋ ಟರ್ಬೈನಿನ ಹಿಂದಣ ಒತ್ತಡವು ಅಷ್ಟು ಕಡಿಮೆಯಾಗಿ, ಅದೇ ಕಲ್ಲಿದ್ದಲಿನಿಂದ ಹೆಚ್ಚು ವಿದ್ಯುತ್ತು ದೊರೆಯುವುದು. ಸಾಮಾನ್ಯವಾದ ಲೋಹದ ಕೊಳವೆಯನ್ನು ನೀರು ಪೊರೆಯಾಗಿ ಮುಚ್ಚಿಬಿಡುತ್ತದೆ. ನೀರಿನ ಶಾಖವಾಹಕತೆಯು ತಾಮ್ರದ ಆರುನೂರರಲ್ಲೊಂದು ಪಾಲಿನಷ್ಟು; ಆದ್ದರಿಂದ ಆ ಪೊರೆಯು ಕಂಬಳಿ ಹೊದಿಸಿದಂತೆ ಶಾಖವನ್ನು ತಡೆಯುತ್ತದೆ. ಕೊಳವೆಯ ಮೈಯು ನೀರನ್ನು ಒಲ್ಲದಿದ್ದರೆ ನೀರು ಹನಿಹನಿಯಾಗಿ ಕೂಡಿ ಉರುಳಿಬಿದ್ದು, ಬರಿಯ ಲೋಹವು ಮತ್ತೆಮತ್ತೆ ಉಗಿಗೆ ತೆರೆದುಕೊಳ್ಳುತ್ತದೆ. ಹೀಗೆ ಹನಿಗೂಡಿದಾಗ ಶಾಖದ ಸಾಗಣೆ ಬಹಳ ಹೆಚ್ಚುವುದೆಂದು ಜರ್ಮನಿಯಲ್ಲಿ ಷ್ಮಿಟ್ ಮತ್ತು ಸಂಗಡಿಗರು ೧೯೩೦ರಲ್ಲಿಯೇ ಕಂಡುಕೊಂಡಿದ್ದರು. ಹತ್ತು ಪಟ್ಟಿನವರೆಗೂ ಅದು ಹೆಚ್ಚಬಹುದೆಂದು ತಿಳಿದಿದೆ. ತಿಳಿದು ಒಂಬತ್ತು ದಶಕಗಳು ಕಳೆದರೂ ಸ್ಥಾವರಗಳಲ್ಲಿ ಇದು ರೂಢಿಗೆ ಬಾರದಿರಲು ಕಾರಣವು ಒಂದೇ: ಬಹುಕಾಲ ಬಾಳುವ ಲೇಪ ಸಿಕ್ಕಲಿಲ್ಲ.

ದಪ್ಪ ಲೇಪವು ಇಲ್ಲೇಕೆ ಒಗ್ಗದೆಂಬುದು ಸುಲಭವಾದ ಲೆಕ್ಕ. ಸಾಮಾನ್ಯ ಪಾಲಿಮರಿನ ಶಾಖವಾಹಕತೆ ಸುಮಾರು ೦.೨ ಮಾನ, ತಾಮ್ರದ್ದು ಅದೇ ಮಾನದಲ್ಲಿ ೪೦೦. ಅಂದರೆ ಪಾಲಿಮರಿನ ಯಾವುದೇ ದಪ್ಪವು ಅದರ ಎರಡು ಸಾವಿರ ಪಾಲು ದಪ್ಪದ ತಾಮ್ರಕ್ಕೆ ಸಮ. ಮಿಲಿಮೀಟರಿನ ನೂರರಲ್ಲೊಂದು ಭಾಗದಷ್ಟು ಲೇಪವನ್ನು ಬಳಿದರೆ, ಎರಡು ಸೆಂಟಿಮೀಟರ್ ದಪ್ಪದ ತಾಮ್ರದ ಗೋಡೆಯನ್ನು ಕಟ್ಟಿದಂತಾಯಿತು! ಹನಿಗೂಡುವುದರಿಂದ ಬಂದ ಲಾಭವನ್ನೆಲ್ಲ ಲೇಪವೇ ನುಂಗಿಬಿಡುವುದು. ಲೇಪವು ನೂರು ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗ ಇದ್ದರೆ, ಅದರ ತಡೆ ೦.೨ ಮಿಲಿಮೀಟರ್ ತಾಮ್ರದಷ್ಟೇ ಆಗುತ್ತದೆ, ಅದನ್ನು ಸಹಿಸಬಹುದು. ಆದ್ದರಿಂದ ಬೇಕಾದುದು ಹೀಗೆ: ಲೇಪವು ಅತ್ಯಂತ ತೆಳುವಾಗಿರಬೇಕು, ತೆಳುವಾದುದಕ್ಕೆ ಗಾಯವಾಗುವುದು ಖಂಡಿತ, ಆದ ಗಾಯವು ತಾನಾಗಿ ಮಾಯಬೇಕು.

ಮದ್ದಿನ ಗುಳಿಗೆಯೂ ಕೋಲಾಟವೂ

ತಾನಾಗಿ ಮಾಯುವ ಪಾಲಿಮರಿನ ವಿಚಾರದಲ್ಲಿ ೨೦೦೧ ಒಂದು ಮುಖ್ಯ ವರ್ಷ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಸ್ಕಾಟ್ ವೈಟ್, ನ್ಯಾನ್ಸಿ ಸಾಟಸ್ ಮೊದಲಾದವರು ಗಟ್ಟಿಯಾದ ಪ್ಲಾಸ್ಟಿಕ್ಕಿನೊಳಗೆ ದ್ರವ ತುಂಬಿದ ಅತಿ ಸಣ್ಣ ಗುಳಿಗೆಗಳನ್ನೂ ಒಂದು ವೇಗವರ್ಧಕವನ್ನೂ ಹುದುಗಿಸಿದರು. ಬಿರುಕು ಮುಂದುವರಿಯುತ್ತ ಗುಳಿಗೆಯನ್ನು ಸೀಳಿದಾಗ ದ್ರವವು ಬಿರುಕಿನೊಳಗೆ ಹರಿದು, ವೇಗವರ್ಧಕವನ್ನು ಸಂಧಿಸಿ ಗಟ್ಟಿಯಾಯಿತು. ಕಳೆದುಹೋದ ಗಡಸುತನದಲ್ಲಿ ನೂರಕ್ಕೆ ೭೫ರಷ್ಟು ಮರಳಿ ಬಂತು. ಸೊಗಸಾದ ಉಪಾಯವೇ ಸರಿ. ಆದರೆ ಒಮ್ಮೆ ಒಡೆದ ಗುಳಿಗೆಯು ಮತ್ತೆ ತುಂಬದು. ಅದೇ ಜಾಗದಲ್ಲಿ ಎರಡನೆಯ ಗಾಯವಾದರೆ ಮದ್ದಿಲ್ಲ. ಮೇಲಾಗಿ, ನೂರು ನ್ಯಾನೊಮೀಟರ್ ದಪ್ಪದ ಲೇಪದಲ್ಲಿ ಅದಕ್ಕಿಂತ ಎಷ್ಟೋ ದೊಡ್ಡದಾದ ಗುಳಿಗೆಯನ್ನು ಹುದುಗಿಸುವುದೆಲ್ಲಿ?

ಮದ್ದನ್ನು ಹೊರಗಿನಿಂದ ತುಂಬುವ ಬದಲು ಪಾಲಿಮರಿನ ಬಂಧಗಳಿಗೇ ಮಾಯುವ ಗುಣವನ್ನು ಕೊಡುವುದು ಎರಡನೆಯ ದಾರಿ. ಇದನ್ನು ತಿಳಿಯಲು ಪಾಲಿಮರುಗಳಲ್ಲಿ ಎರಡು ಬಗೆಯಿರುವುದನ್ನು ಅರಿತಿರಬೇಕು. ಒಂದರಲ್ಲಿ ಸರಪಣಿಗಳು ಬಿಡಿಬಿಡಿಯಾಗಿರುತ್ತವೆ. ಕಾಯಿಸಿದರೆ ಅದು ಹರಿಯುವುದು. ಅದರ ಮೇಲೆ ಗೀರು ಬಿದ್ದರೆ ಹರಿದು ಮುಚ್ಚಿಕೊಳ್ಳುವುದೇನೋ ನಿಜ, ಆದರೆ ಅದು ಇದ್ದ ಜಾಗದಲ್ಲಿ ನಿಲ್ಲುವುದೂ ಇಲ್ಲ. ಇನ್ನೊಂದರಲ್ಲಿ ಸರಪಣಿಗಳು ಅಡ್ಡಕೊಂಡಿಗಳಿಂದ ಬಲೆಯಂತೆ ಹೆಣೆದುಕೊಂಡಿರುತ್ತವೆ. ಅದು ಸ್ಥಿರವಾಗಿ ನಿಲ್ಲುವುದು, ಆದರೆ ಬಲೆ ಹರಿದರೆ ಹರಿದಂತೆಯೇ. ೨೦೧೧ರಲ್ಲಿ ಪ್ಯಾರಿಸ್ಸಿನ ಲುಡ್ವಿಕ್ ಲೈಬ್ಲರ್ ಮತ್ತು ಸಂಗಡಿಗರು ಇವೆರಡರ ನಡುವಣ ಮೂರನೆಯ ಬಗೆಯೊಂದನ್ನು ಪ್ರಕಟಿಸಿದರು. ವಿಟ್ರಿಮರ್ ಎಂದು ಅದರ ಹೆಸರು.

ವಿಟ್ರಿಮರಿನ ಬಲೆಯಲ್ಲಿ ಅಡ್ಡಕೊಂಡಿಗಳು ತಮ್ಮ ಜೊತೆಗಾರರನ್ನು ಬದಲಿಸಿಕೊಳ್ಳುತ್ತವೆ. ಆದರೆ ಕೊಂಡಿಗಳ ಒಟ್ಟು ಸಂಖ್ಯೆ ಬದಲಾಗುವುದಿಲ್ಲ. ನಮ್ಮ ಹಳ್ಳಿಯ ಕೋಲಾಟವನ್ನು ನೆನೆಸಿಕೊಂಡರೆ ಇದು ಸ್ಪಷ್ಟವಾಗುವುದು. ಕೋಲಾಟದವನು ಈಗ ಎದುರಿಗಿದ್ದವನ ಕೋಲಿಗೆ ತನ್ನ ಕೋಲನ್ನು ತಾಗಿಸಿ, ಮರುಗಳಿಗೆಯಲ್ಲಿ ತಿರುಗಿ ಇನ್ನೊಬ್ಬನ ಕೋಲಿಗೆ ತಾಗಿಸುವನು. ಜೊತೆ ಬದಲಾಗುತ್ತಲೇ ಇದ್ದರೂ ಸುತ್ತು ಮುರಿಯುವುದಿಲ್ಲ. ನಡುವೆ ಇಬ್ಬರು ಎಡವಿ ತೆರವಾದರೆ, ಉಳಿದವರು ಸ್ವಲ್ಪ ಸರಿದು ಹೊಸ ಜೊತೆಗಳನ್ನು ಕಟ್ಟಿಕೊಂಡು ಆಟವನ್ನು ಮುಂದುವರಿಸುವರು. ವಿಟ್ರಿಮರಿನ ಗಾಯ ಮಾಯುವ ಬಗೆಯೂ ಇದೇ.

ಇದೇ ತತ್ತ್ವವನ್ನು ನೀರಂಟದ ಲೇಪಕ್ಕೆ ಅಳವಡಿಸಿದವರು ಇಲಿನಾಯ್ ವಿಶ್ವವಿದ್ಯಾನಿಲಯದ ನೆನಾದ್ ಮಿಲ್ಕೋವಿಚ್, ಕ್ರಿಸ್ಟೋಫರ್ ಇವಾನ್ಸ್ ಮತ್ತು ಅವರ ಸಹೋದ್ಯೋಗಿಗಳು. ೨೦೨೧ರಲ್ಲಿ ಪ್ರಕಟವಾದ ಅವರ ಲೇಪಕ್ಕೆ ಮೂಲವಸ್ತು ಪಾಲಿಡೈಮೀಥೈಲ್ ಸಿಲೊಕ್ಸೇನ್ ಎಂಬ ಸಿಲಿಕೋನ್. (ಸಿಲಿಕಾನ್ ಎಂಬ ಮೂಲವಸ್ತುವನ್ನೂ ಸಿಲಿಕೋನನ್ನೂ ಒಂದೆಂದು ಭಾವಿಸಬಾರದು, ಎರಡನೆಯದು ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಒಂದು ಬಿಟ್ಟೊಂದು ಪೋಣಿಸಿಕೊಂಡ ಸರಪಣಿ.) ಈ ಸರಪಣಿಯು ಅತ್ಯಂತ ಬಳುಕುವಂಥದು, ಸಾಮಾನ್ಯ ಉಷ್ಣತೆಯಲ್ಲಿಯೂ ಅದು ಸುಮ್ಮನಿರದೆ ಅಲುಗುತ್ತಿರುತ್ತದೆ. ಅದರ ಮೇಲೆ ನೀರಿನ ಸ್ಪರ್ಶಕೋನವು ನೂರು ಡಿಗ್ರಿಯನ್ನು ಮೀರುತ್ತದೆ. ಈ ಸರಪಣಿಗಳನ್ನು ಜೊತೆ ಬದಲಿಸುವ ಕೊಂಡಿಗಳಿಂದ ಹೆಣೆದಾಗ ನೂರು ನ್ಯಾನೊಮೀಟರಿಗಿಂತಲೂ ತೆಳುವಾದ, ಪಾರದರ್ಶಕವಾದ ಲೇಪ ಸಿದ್ಧವಾಯಿತು. ವಸ್ತುವನ್ನು ದ್ರಾವಣದಲ್ಲಿ ಅದ್ದಿ ತೆಗೆದರೆ ಸಾಕು, ಲೇಪ ಕೂಡುತ್ತದೆ. ಗೀರಿದರೂ, ಕೊಯ್ದರೂ, ಚುಚ್ಚಿದರೂ ಅದು ನೀರನ್ನು ದೂರವಿಡುವ ಗುಣವನ್ನು ಉಳಿಸಿಕೊಂಡಿತು.

ಗೀರನ್ನು ಮುಚ್ಚುವಂತೆ ಸರಪಣಿಗಳನ್ನು ಪ್ರೇರಿಸುವ ಬಲ ಯಾವುದೆಂದು ಕೇಳಿದರೆ ಉತ್ತರವು ಸಂತೋಷವನ್ನುಂಟುಮಾಡುವಂಥದು. ಗೀರು ಬಿದ್ದಾಗ ಲೇಪದ ಮೇಲ್ಮೈಯ ವಿಸ್ತೀರ್ಣ ಹೆಚ್ಚುತ್ತದೆ. ಮೇಲ್ಮೈ ಎಳೆತವು ಅದನ್ನು ಕುಗ್ಗಿಸಿ ಸಮಮಾಡಲು ಯತ್ನಿಸುತ್ತದೆ. ನೀರಿನ ಹನಿಯನ್ನು ದುಂಡಗೆ ಮಾಡುವ ಬಲವೇ ಲೇಪದ ಗಾಯವನ್ನೂ ಮುಚ್ಚುತ್ತದೆ. ಸಾಮಾನ್ಯವಾದ ಬಲೆಯಲ್ಲಿ ಆ ಬಲಕ್ಕೆ ಮಣಿಯುವ ಸ್ವಾತಂತ್ರ್ಯ ಸರಪಣಿಗಳಿಗಿಲ್ಲ. ಕೋಲಾಟದ ಬಲೆಯಲ್ಲಿ ಇದೆ. ಅಷ್ಟೇ ಅಂತರ.

ಫ್ಲೋರಿನ್ನಿನ ಋಣ

ಈ ಲೇಪದಲ್ಲಿ ಫ್ಲೋರಿನ್ ಇಲ್ಲವೆಂಬುದು ಅದರ ಇನ್ನೊಂದು ಹೆಚ್ಚುಗಾರಿಕೆ. ಬಹುಶಃ ಅದೇ ದೊಡ್ಡದು. ಇಂಗಾಲ ಮತ್ತು ಫ್ಲೋರಿನ್ನುಗಳ ನಡುವಣ ಬಂಧವು ಸಾವಯವ ರಸಾಯನಶಾಸ್ತ್ರದಲ್ಲಿ ಅತ್ಯಂತ ಬಲವಾದ ಏಕಬಂಧ. ಆದ್ದರಿಂದಲೇ ಅಂತಹ ಸಂಯುಕ್ತಗಳು ಬಿಸಿಲಿಗಾಗಲಿ ಸೂಕ್ಷ್ಮಜೀವಿಗಳಿಗಾಗಲಿ ಬಗ್ಗುವುದಿಲ್ಲ. ಕಾವಲಿಯಲ್ಲಿ ಅದು ಗುಣ. ಕೆರೆ, ಬಾವಿ, ರಕ್ತಗಳಲ್ಲಿ ಅದು ದೋಷ. ನೀರನ್ನೂ ಜಿಡ್ಡನ್ನೂ ದೂರವಿಡಲು ದಶಕಗಳ ಕಾಲ ಬಳಸಿದ ಇಂತಹ 'ಶಾಶ್ವತ ರಾಸಾಯನಿಕ'ಗಳ ಅವಶೇಷವು ಇಂದು ಭೂಮಿಯ ಮೇಲೆಲ್ಲ ಹರಡಿದೆ. ಟೆಫ್ಲಾನಿನ ತಯಾರಿಕೆಯಲ್ಲಿ ಬಹುಕಾಲ ಬಳಕೆಯಲ್ಲಿದ್ದ ಪರ್‌ಫ್ಲೋರೊ ಆಕ್ಟನೋಯಿಕ್ ಆಮ್ಲವನ್ನು ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ೨೦೧೯ರಲ್ಲಿ ತ್ಯಜಿಸಬೇಕಾದ ವಸ್ತುಗಳ ಪಟ್ಟಿಗೆ ಸೇರಿಸಿದುವು. ೨೦೨೩ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅದನ್ನು ಮನುಷ್ಯರಲ್ಲಿ ಕ್ಯಾನ್ಸರನ್ನುಂಟುಮಾಡುವ ವಸ್ತುಗಳ ವರ್ಗಕ್ಕೆ ಸೇರಿಸಿತು.

ಇಲ್ಲಿ ನಾವು ಕಲಿಯಬೇಕಾದ ಪಾಠವೊಂದಿದೆ. ಬಾಳಿಕೆಯನ್ನು ಎರಡು ರೀತಿಯಲ್ಲಿ ಗಳಿಸಬಹುದು. ಎಂದಿಗೂ ನಾಶವಾಗದ ವಸ್ತುವನ್ನು ಬಳಸುವುದು ಒಂದು. ಕೆಟ್ಟರೂ ಸರಿಹೋಗುವ ವಸ್ತುವನ್ನು ಬಳಸುವುದು ಇನ್ನೊಂದು. ಇಪ್ಪತ್ತನೆಯ ಶತಮಾನವು ಮೊದಲನೆಯದನ್ನು ಆರಿಸಿಕೊಂಡಿತು. ಅದರ ಋಣವನ್ನು ನಾವು ತೀರಿಸಬೇಕಾಗಿದೆ. ತಾವರೆಯ ಎಲೆಯು ಕೋಟ್ಯಂತರ ವರ್ಷಗಳಿಂದ ಎರಡನೆಯ ದಾರಿಯಲ್ಲಿದೆ. ಅದರ ಮೇಣವು ಮಳೆಗೆ ಸವೆಯುತ್ತದೆ, ಮರಳಿ ಹುಟ್ಟುತ್ತದೆ. ಎಲೆ ಉದುರಿದಾಗ ಮಣ್ಣಿಗೆ ಸೇರಿ ಮಣ್ಣಾಗುತ್ತದೆ.

ಕೆಲಸವು ಇಲ್ಲಿಗೆ ಮುಗಿಯಿತೆಂದು ಯಾರೂ ಭಾವಿಸಬಾರದು. ಗೀರಿನ ಗಾಯ ಮಾಯುವುದು ಒಂದು. ಪೂರ್ತಿ ಕೆರೆದುಹೋದ ಲೇಪವು ಇಲ್ಲದುದರಿಂದ ಮರಳಿ ಹುಟ್ಟುವುದು ಇನ್ನೊಂದು. ಎರಡನೆಯದನ್ನು ಎಲೆಯು ಬಲ್ಲದು, ನಮ್ಮ ಪಾಲಿಮರುಗಳು ಇನ್ನೂ ಅರಿಯವು. ಎಣ್ಣೆಯನ್ನೂ ನೀರನ್ನೂ ಒಂದೇ ಸಮನಾಗಿ ದೂರವಿಟ್ಟು, ತಾನಾಗಿ ಮಾಯ್ದು, ಕಡೆಗೆ ಮಣ್ಣಿನಲ್ಲಿ ಕರಗಿಹೋಗುವ ಲೇಪವು ಇನ್ನೂ ಬರಬೇಕಾಗಿದೆ.

ಬೆರಳನ್ನು ಕಪ್ಪು ಮಾಡಿಕೊಂಡ ಆ ವಿದ್ಯಾರ್ಥಿನಿಗೆ ನಾವು ಅಂದು ಕೊಟ್ಟ ಉತ್ತರವು ಚಿಕ್ಕದಾಗಿತ್ತು: "ಹೌದಮ್ಮ, ಮರುದಿನ ಉಳಿಯುವಂತೆ ಮಾಡುವುದೇ ಈಗಿನ ಕೆಲಸ." ಓದುಗರಲ್ಲಿ ಯಾರಾದರೂ ಆ ಕೆಲಸಕ್ಕೆ ಕೈ ಹಾಕುವುದಾದರೆ, ಮುಂದಿನ ಮಳೆಗಾಲದಲ್ಲಿ ಹಿತ್ತಿಲಿನ ಕೆಸುವಿನ ಎಲೆಯೊಂದರ ಮೇಲೆ ಬೆರಳಿನಿಂದ ಒಂದು ಜಾಗವನ್ನು ಮೆಲ್ಲನೆ ಉಜ್ಜಿ, ಗುರುತು ಮಾಡಿಟ್ಟು, ದಿನಕ್ಕೊಮ್ಮೆ ಅಲ್ಲಿ ಒಂದು ಹನಿ ನೀರನ್ನು ಬಿಟ್ಟು ನೋಡುತ್ತಿರಲಿ. ಎಳೆಯ ಎಲೆಯಲ್ಲೊಂದು, ಬಲಿತ ಎಲೆಯಲ್ಲೊಂದು ಹೀಗೆ ಪರೀಕ್ಷಿಸಿದರೆ ಇನ್ನೂ ಒಳ್ಳೆಯದು. ಹನಿಯು ಯಾವ ದಿನ ಮತ್ತೆ ಉರುಳತೊಡಗುವುದೋ ಅದನ್ನು ಬರೆದಿಟ್ಟುಕೊಳ್ಳಲಿ. ಇದಕ್ಕೆ ಬೇಕಾದ ಸಲಕರಣೆ ಒಂದು ಎಲೆ, ಒಂದು ಹನಿ, ಸ್ವಲ್ಪ ತಾಳ್ಮೆ, ಅಷ್ಟೇ.